ಮಿಡತೆಯ ಏದುಸಿರು

ನನ್ನ ಕೈಗೆ ಬಂದ ಗಾಡಿ ಸರಿಹೋಗದೆ ವಾಪಸ್ ಹೋದದ್ದೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುವವನು ನಾನು. ಹೇಳಿಕೊಳ್ಳುವುದಕ್ಕೇನು, ಬಾಯಿ ನನ್ನದೇ ತಾನೆ. ಹಾಗೆ ಕೊಚ್ಚಿಕೊಂಡದ್ದರಿಂದಲೇ ಅಕ್ಕ ಒಂದು ಬೆಳಿಗ್ಗೆ ತನ್ನ ಮಿಡತೆಯನ್ನು ತಂದು ನನ್ನ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಬೀಗದಕೈಯನ್ನು ನನ್ನ ಅಂಗೈಗೆ ಹಾಕಿ, "ಇದು ಗಾಡಿ ತಪ್ಪೋ, ನನ್ನ ಕಾಲಿನ ತಪ್ಪೋ, ಶನಿವಾರದೊಳಗೆ ಹೇಳು" ಎಂದಳು.

ಮಿಡತೆ ಎಂದರೆ ಅವಳ ಕಾರು. ಎರಡೇ ಸೀಟಿನ, ಚಾವಣಿ ಮಡಚುವ, ಎಲೆಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ದೀಪ ಹಾಕಿದರೆ ಬಾನೆಟ್ಟಿನೊಳಗೆ ಮಲಗಿದ್ದ ಎರಡು ಕಣ್ಣು ಪಟಕ್ಕನೆ ಮೇಲೇಳುತ್ತವೆ. ಹೆಸರು ಬಂದದ್ದು ಹಾಗೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ವರ್ಷ ಅಕ್ಕ ಯಾರನ್ನೂ ಒಂದು ಮಾತು ಕೇಳದೆ ಹೋಗಿ ಅದನ್ನು ಕೊಂಡುಬಂದಳು. ಅವಳ ಸರೀಕರೆಲ್ಲ ಮಂಡಿನೋವಿಗೆ ಎಣ್ಣೆ ಹುಡುಕುವ ಕಾಲದಲ್ಲಿ ಇವಳು ನೆಲಕ್ಕೆ ಅಂಟಿಕೊಂಡು ಓಡುವ ಕಾರಿನೊಳಗೆ ಇಳಿದು ಕೂತಳು. ನನಗೆ ಹೊಟ್ಟೆಕಿಚ್ಚಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

"ಏನು ಮಾಡುತ್ತೆ?" ಎಂದೆ.

"ಏದುಸಿರು ಬಿಡುತ್ತೆ. ನಾನು ಪೆಡಲ್ ಒಂದೇ ಸಮ ಹಿಡಿದಿರ್ತೀನಿ. ಇದು ತಾನಾಗೇ ರೇಸ್ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಮುಂದಕ್ಕೆ ಹಾರಿ ಹಾರಿ ಹೋಗುತ್ತೆ."

"ಹಳೇ ಗಾಡಿ ಅಲ್ವಾ ಅಕ್ಕ. ಎಲ್ಲೋ ಗಾಳಿ ಎಳ್ಕೋತಿರುತ್ತೆ. ಇದೊಂದು ಕೆಲಸಾನಾ ನನಗೆ?"

ಅವಳು ನಗಲಿಲ್ಲ. ಆಗಲೇ ನನಗೆ ವಿಷಯ ಬೇರೆ ಇದೆ ಅನಿಸಿದ್ದು.

ವಿಷಯ ಭಾವನದು. ನಮ್ಮ ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕ್ಲಚ್ ಬಿಡುವುದನ್ನು ಕಲಿಸಿದವರು. ಅಕ್ಕನಿಗೆ ಕಲಿಸಿದ್ದೂ ಅವರೇ. ಕಲಿಸುತ್ತಾ ಕಲಿಸುತ್ತಾ ಮದುವೆಯೂ ಆಗಿಬಿಟ್ಟರು. ಈಗ ಸ್ಕೂಲನ್ನು ಇನ್ನೊಬ್ಬರಿಗೆ ವಹಿಸಿ ಮನೆಯಲ್ಲಿದ್ದಾರೆ. ಸ್ಕೂಲು ಬಿಟ್ಟರೂ ಮೇಷ್ಟ್ರುತನ ಬಿಟ್ಟಿಲ್ಲ. ರಸ್ತೆ ದಾಟುವ ಬೆಕ್ಕಿಗೂ "ಎರಡೂ ಕಡೆ ನೋಡು" ಎನ್ನುವ ಮನುಷ್ಯ. ಅಕ್ಕ ಮಿಡತೆಯಲ್ಲಿ ಸುತ್ತಾಡಲು ಹೊರಟರೆ ಈಚೆಗೆ ಇವರೂ ಜೊತೆಗೆ ಹೊರಡುತ್ತಿದ್ದರು. ಈ ಭಾವ ಮಿಡತೆಯ ಏದುಸಿರು ಕೇಳಿ ತೀರ್ಪು ಕೊಟ್ಟುಬಿಟ್ಟಿದ್ದರು: ಎಂಜಿನ್ನಿಗೆ ಏನೂ ಆಗಿಲ್ಲ, ನಿನ್ನ ಕಾಲು ನಡುಗುತ್ತಿದೆ, ವಯಸ್ಸಾಯಿತು, ಗಾಡಿ ಮಾರಿಬಿಡು. ಕೊಳ್ಳುವುದಕ್ಕೆ ಒಬ್ಬ ಹಲ್ಲಿನ ಡಾಕ್ಟರ್ ಬೇರೆ ತುದಿಗಾಲಲ್ಲಿ ನಿಂತಿದ್ದ.

ಅಕ್ಕನ ಮಗಳು ಬೆಟ್ಟದಾಚೆಯ ಊರಿನಲ್ಲಿ ಹೊಸದಾಗಿ ಮನೆ ಮಾಡಿದ್ದಳು. ಭಾನುವಾರ ಬೆಟ್ಟದ ರಸ್ತೆಯಲ್ಲಿ ಮಿಡತೆಯನ್ನು ತಾನೇ ಓಡಿಸಿಕೊಂಡು, ಪಕ್ಕದಲ್ಲಿ ಗಂಡನನ್ನು ಕೂರಿಸಿಕೊಂಡು ಹೋಗಬೇಕೆಂಬುದು ಅಕ್ಕನ ಆಸೆ. ಹಟ ಎಂದರೂ ಸರಿಯೇ. ಕೊನೆಗೆ ಗಂಡಹೆಂಡಿರು ಒಂದು ಒಪ್ಪಂದಕ್ಕೆ ಬಂದಿದ್ದರು. ತಪ್ಪು ಗಾಡಿಯದು ಎಂದು ನಾನು ಹೇಳಿದರೆ ಭಾವ ಬಾಯಿಮುಚ್ಚಿಕೊಂಡು ಪಕ್ಕದಲ್ಲಿ ಕೂರಬೇಕು. ಕಾಲಿನದು ಎಂದರೆ ಬೀಗದಕೈ ಹಲ್ಲಿನ ಡಾಕ್ಟರಿಗೆ.

"ನಿನ್ನ ಕಾಲು ನಡುಗುತ್ತಾ ಅಕ್ಕ?" ಎಂದು ಕೇಳಿದೆ.

"ನಡುಗಿದ್ರೆ ನಡುಗಲಿ, ಒಪ್ಕೋತೀನಿ. ಆದ್ರೆ ನಡುಗ್ತಿರೋದು ನನಗೇ ಗೊತ್ತಾಗ್ತಿಲ್ವಲ್ಲೋ. ಅದಕ್ಕೇ ಭಯ ಆಗ್ತಿರೋದು."

ಚಿಕ್ಕವನಿದ್ದಾಗ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟವಳು ಇವಳು. ಇವಳ ಬಾಯಲ್ಲಿ ಭಯ ಎಂಬ ಮಾತು ನಾನು ಕೇಳಿರಲಿಲ್ಲ.

ಅವತ್ತೇ ಕೆಲಸಕ್ಕೆ ಇಳಿದೆ. ಗ್ಯಾರೇಜು ಎಂದರೆ ನನ್ನದು ದೊಡ್ಡದೇನಲ್ಲ. ಎರಡು ಗಾಡಿ ನಿಲ್ಲುವಷ್ಟು ಜಾಗ, ಗಾಡಿಯ ಅಡಿಗೆ ಇಳಿಯಲು ಒಂದು ಗುಂಡಿ, ಗೋಡೆಗೆ ಹೊಡೆದ ಹಲಗೆಯ ಮೇಲೆ ಸ್ಪ್ಯಾನರುಗಳು, ಮೂಲೆಯಲ್ಲಿ ಎಂದಾದರೂ ಬೇಕಾಗಬಹುದು ಎಂದು ಎತ್ತಿಟ್ಟ ಗುಜರಿಯ ಗುಡ್ಡ. ಪಕ್ಕದ ಕೋಣೆಯಲ್ಲಿ ನನ್ನ ಹೆಂಡತಿಯ ಕೆಲಸ. ಅವಳು ಕಾರುಗಳ ಸೀಟು, ಕವರು, ಮ್ಯಾಟು ಹೊಲಿಯುತ್ತಾಳೆ. ಅವಳ ಮಿಷನ್ನಿನ ಸದ್ದು ನಿಂತರೆ ನನ್ನ ಮೇಲೆ ಏನೋ ಟೀಕೆ ಬರುತ್ತಿದೆ ಎಂದೇ ಅರ್ಥ.

ಎಂಜಿನ್ ಚಾಲೂ ಮಾಡಿ ಗಾಳಿಯ ಕೊಳವೆಗಳ ಮೇಲೆಲ್ಲ ಸಾಬೂನಿನ ನೀರು ಚಿಮುಕಿಸಿದೆ. ಒಂದು ಕಡೆ ನೀರು ಸೊರ್ರೆಂದು ಒಳಗೆ ಹೋಯಿತು. ಕೊಳವೆ ಬೆರಳುದ್ದ ಸೀಳಿತ್ತು. "ಸಿಕ್ಕಿತು ಕಳ್ಳ!" ಎಂದು ಕೂಗಿ, ಹೊಸದು ಹಾಕಿ, ಅಕ್ಕನಿಗೆ ಫೋನ್ ಮಾಡಿ, ಮೀಸೆ ಮೇಲೆ ಕೈಯಾಡಿಸಿದೆ. ಅಕ್ಕ ಭಾವ ಇಬ್ಬರೂ ಬಂದು ಗಾಡಿ ತೆಗೆದುಕೊಂಡು ಒಂದು ಸುತ್ತು ಹೋದರು. ವಾಪಸ್ ಬಂದಾಗ ಭಾವನ ಮುಖದಲ್ಲಿ ನಗು, ಅಕ್ಕನ ಮುಖ ಸಣ್ಣದಾಗಿತ್ತು.

"ಅದೇ ಕಥೆ ಕಣಪ್ಪಾ," ಎಂದರು ಭಾವ. "ಮಾರ್ಕೆಟ್ ರಸ್ತೆ ತುಂಬಾ ಹಾರ್ಕೊಂಡೇ ಹೋಯ್ತು."

ಮರುದಿನ ಎಂಜಿನ್ನಿಗೆ ಗಾಳಿ ಹೋಗುವ ಬಾಯಿಯನ್ನು ಬಿಚ್ಚಿ ಮಸಿ ತೊಳೆದೆ. ಪೆಟ್ರೋಲಿನ ಫಿಲ್ಟರ್ ಬದಲಿಸಿದೆ. ಪಂಪಿನ ಒತ್ತಡ ನೋಡಿದೆ, ಸರಿಯಾಗಿತ್ತು. ಪ್ಲಗ್ಗುಗಳನ್ನು ಹೊರಗೆ ತೆಗೆದು ನೋಡಿದರೆ ಅವೂ ಚೆನ್ನಾಗಿಯೇ ಇದ್ದವು. ನನಗೇ ನಾಚಿಕೆಯಾಗಿ ವಾಪಸ್ ಹಾಕಿದೆ. ಪ್ರತಿ ಸಲ ನಾನು ಗೆದ್ದೆ ಎಂದುಕೊಳ್ಳುವುದು, ಪ್ರತಿ ಸಲ ಅವರು ಹೋಗಿ ಸೋತು ಬರುವುದು. ಪಕ್ಕದ ಕೋಣೆಯಲ್ಲಿ ಮಿಷನ್ ನಿಂತಿತು.

"ರೀ, ಆ ಕಾರಲ್ಲಿ ಇನ್ನೂ ಏನಾದ್ರೂ ಉಳಿದಿದ್ಯಾ, ಅಥವಾ ಪೂರ್ತಿ ಹೊಸಾದೇ ಮಾಡ್ತಿದೀರಾ?"

ನಾನು ಬಿಚ್ಚಿದ್ದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆ.

ಕೊನೆಗೆ ಸ್ಪ್ಯಾನರ್ ಕೆಳಗಿಟ್ಟು ತಲೆ ಓಡಿಸಿದೆ. ನಾನೊಬ್ಬನೇ ಓಡಿಸಿಕೊಂಡು ಊರ ಹೊರಗಿನ ರಸ್ತೆಗೆ ಹೋದೆ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಹೋಯಿತು. ಅಕ್ಕನನ್ನು ಓಡಿಸಲು ಬಿಟ್ಟು ನಾನು ಪಕ್ಕದಲ್ಲಿ ಕೂತೆ. ಆಗಲೂ ಒಂದು ಅಪಸ್ವರವಿಲ್ಲ. ಭಾವ ಓಡಿಸಿ ಅಕ್ಕ ಪಕ್ಕದಲ್ಲಿ ಕೂತಳು. ಅದೇ ಬೆಣ್ಣೆ. ಅಕ್ಕ ಓಡಿಸಿ ಭಾವ ಪಕ್ಕದಲ್ಲಿ ಕೂತು ಹೊರಟರು. ರಸ್ತೆ ತಿರುವಿನ ತನಕ ನಾನು ನಿಂತು ನೋಡುತ್ತಿದ್ದೆ. ಶಾಲೆಯ ಗೇಟಿನ ಹತ್ತಿರ ಹೋಗುತ್ತಿದ್ದಂತೆ ಮಿಡತೆ ಹೂಂ, ಹೂಂಹೂಂ, ಹೂಂ ಎಂದು ಕುಪ್ಪಳಿಸಿತು.

"ನೋಡಿದ್ಯಾ?" ಎಂದರು ಭಾವ, ಇಳಿಯುವ ಮೊದಲೇ. "ನೀನು ಓಡಿಸಿದ್ರೆ ಸರಿ, ನಾನು ಓಡಿಸಿದ್ರೆ ಸರಿ. ಇವಳು ಓಡಿಸಿದ್ರೆ ಮಾತ್ರ ಇದಕ್ಕೆ ಉಬ್ಬಸ."

"ನಾನು ಪಕ್ಕದಲ್ಲಿದ್ದಾಗ ಬರಲಿಲ್ವಲ್ಲ ಭಾವ?"

"ತಮ್ಮನ ಮುಂದೆ ಮರ್ಯಾದೆ ಕಾಪಾಡ್ಕೊಂಡಿರ್ತಾಳೆ. ಪರೀಕ್ಷೆ ದಿನ ಎಲ್ಲರೂ ಚೆನ್ನಾಗೇ ಓಡಿಸ್ತಾರಪ್ಪ, ನಾನು ನೋಡದೇ ಇರೋದಾ?"

ಅಕ್ಕ ತನ್ನ ಬಲಗಾಲನ್ನೇ ನೋಡಿಕೊಂಡಳು. ಆ ನೋಟ ನನಗೆ ಸಹಿಸಲಾಗಲಿಲ್ಲ. ನನ್ನೊಳಗೂ ಹುಳ ಬಿಟ್ಟಂತಾಗಿತ್ತು. ಮೂರು ಲೆಕ್ಕ ಸರಿಬಂದು ನಾಲ್ಕನೆಯದು ತಪ್ಪಿದರೆ, ತಪ್ಪಿದ್ದರಲ್ಲಿ ಓಡಿಸಿದವರು ಯಾರು? ಅಕ್ಕ. ಇದನ್ನು ಅವಳ ಮುಖ ನೋಡಿ ಹೇಳುವುದಾದರೂ ಹೇಗೆ?

ಶನಿವಾರ ಬೆಳಿಗ್ಗೆ ಗುಜರಿ ಗುಡ್ಡದ ಪಕ್ಕ ಟೀ ಲೋಟ ಹಿಡಿದು ಕೂತಿದ್ದೆ. ಟೀ ಆರಿಹೋಗಿತ್ತು. ಮಿಷನ್ ನಿಂತಿತು.

"ರೀ, ಒಂದು ನಿಮಿಷ ಬನ್ನಿ ಇಲ್ಲಿ. ಅಕ್ಕನ ಕಾರನ್ನ ಯಾವ ಸೀಟಲ್ಲಿ ಕೂತ್ಕೊಂಡು ಓಡಿಸ್ತಾರೆ?"

"ತಲೆ ಕೆಟ್ಟಿದ್ಯಾ ನಿನಗೆ?"

"ನನ್ನ ತಲೆ ಸರಿಯಾಗಿದೆ. ಇದನ್ನ ನೋಡಿ."

ಪ್ರಯಾಣಕ್ಕೆ ಮೊದಲು ಅಂಚು ಹೊಲಿದುಕೊಡು ಎಂದು ಅಕ್ಕ ಕಾರಿನ ಎರಡು ಮ್ಯಾಟುಗಳನ್ನು ಇವಳಿಗೆ ಕೊಟ್ಟಿದ್ದಳು. ಇವಳು ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಹಾಸಿದ್ದಳು. ಓಡಿಸುವವರ ಕಡೆಯ ಮ್ಯಾಟು ಹಳೆಯದಾದರೂ ಗಟ್ಟಿಯಾಗಿತ್ತು. ಪಕ್ಕದ ಸೀಟಿನದು ಹಿಮ್ಮಡಿ ಊರುವ ಕಡೆ ಸವೆದು ತೆಳ್ಳಗಾಗಿ, ಅದರ ಮುಂದೆ ಪಾದದ ಗಾತ್ರಕ್ಕೆ ಪೂರ್ತಿ ತೂತಾಗಿತ್ತು. ನನ್ನ ಹೆಂಡತಿ ತೂತಿನೊಳಗೆ ಕೈ ತೂರಿಸಿ ಬೆರಳಾಡಿಸಿ ತೋರಿಸಿದಳು.

"ಸುಮ್ನೆ ಕೂತ್ಕೊಂಡು ಹೋಗೋರ ಮ್ಯಾಟು ಹಿಂಗಾಗಲ್ಲ. ಇದು ತುಳಿದೂ ತುಳಿದೂ ಆಗಿರೋದು."

ನಾನು ಆ ತೂತನ್ನು ನೋಡುತ್ತಾ ನಿಂತೆ. ಭಾವನ ಸ್ಕೂಲಿನ ಕಾರು ಕಣ್ಣ ಮುಂದೆ ಬಂತು. ಅಂಥ ಕಾರಿನಲ್ಲಿ ಮೇಷ್ಟ್ರ ಕಡೆಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರು ಒತ್ತುವುದಕ್ಕೆ. ಭಾವನ ಬಲಗಾಲು ದುಡಿದದ್ದೆಲ್ಲ ಅದರ ಮೇಲೆಯೇ. ಮಿಡತೆಯಲ್ಲಿ ಆ ಜಾಗದಲ್ಲಿ ಬ್ರೇಕ್ ಇಲ್ಲ. ಆದರೆ ಮ್ಯಾಟಿನ ಕೆಳಗೆ ಒಂದು ತಗಡು ಇದೆ, ತಗಡಿನ ಕೆಳಗೆ ಎಂಜಿನ್ನಿನ ಕಂಪ್ಯೂಟರ್ ಇದೆ.

ಹೆಂಡತಿಯನ್ನು ಅಪ್ಪಿಕೊಳ್ಳಬೇಕು ಅನಿಸಿತು. ಕೈ ತುಂಬ ಗ್ರೀಸ್ ಇದ್ದದ್ದರಿಂದ ಅವಳೇ ಬೇಡ ಎಂದಳು.

ಆದರೆ ಅನುಮಾನ ಬೇರೆ, ಕಣ್ಣಾರೆ ಕಾಣುವುದು ಬೇರೆ. ಭಾವನಿಗೆ ಮೊದಲೇ ಹೇಳಿದರೆ ಕಾಲು ಹುಷಾರಾಗಿಬಿಡುತ್ತದೆ. ಅಕ್ಕ ಓಡಿಸುವಾಗ, ಭಾವ ಪಕ್ಕದಲ್ಲಿರುವಾಗ, ನಾನು ಒಳಗಿರಬೇಕು. ಮೂರನೆಯ ಸೀಟಿಲ್ಲ. ಸೀಟುಗಳ ಹಿಂದೆ, ಚಾವಣಿ ಮಡಚಿ ಬೀಳುವ ಕಡೆ, ಒಂದು ಚೀಲ ಇಡುವಷ್ಟು ಜಾಗವಿತ್ತು. ನಾನು ಚೀಲಕ್ಕಿಂತ ಸ್ವಲ್ಪ ದೊಡ್ಡವನು.

"ಹಿಂದೆ ಎಲ್ಲೋ ಸದ್ದು ಬರ್ತಿದೆ ಭಾವ, ಕಿವಿಯಿಟ್ಟು ಕೇಳ್ಬೇಕು," ಎಂದು ಸುಳ್ಳು ಹೇಳಿ ಅಲ್ಲಿ ಅಡ್ಡಡ್ಡ ಮಲಗಿದೆ. ಕಾಲುಗಳು ಹೊರಗೆ ಉಳಿದವು. ಹೆಂಡತಿ ನಗುತ್ತಾ ಅವನ್ನು ಒಂದೊಂದಾಗಿ ಮಡಚಿ ಒಳಗೆ ತುರುಕಿದಳು, ದಿಂಬಿಗೆ ಹತ್ತಿ ತುಂಬುವ ಹಾಗೆ. ಹೊಟ್ಟೆಯನ್ನು ಮಾತ್ರ ಎಲ್ಲಿಡುವುದು ಎಂದು ಯಾರಿಗೂ ತಿಳಿಯಲಿಲ್ಲ.

ಹೊರಟೆವು. ಬಸ್ ಸ್ಟಾಪಿನಲ್ಲಿ ನಿಂತವರು ನನ್ನನ್ನು ನೋಡಿ ಒಬ್ಬರಿಗೊಬ್ಬರು ತೋರಿಸಿದರು. ಒಬ್ಬಾಕೆ ಕೈ ಬೀಸಿದರು, ನಾನೂ ಬೀಸಿದೆ. ಆಮೇಲೆ ಭಾವನ ಭುಜದ ಮೇಲಿಂದ ಕತ್ತು ಚಾಚಿ ಕೆಳಗೆ ನೋಡುತ್ತಾ ಬಿದ್ದುಕೊಂಡೆ. ಭಾವನ ಬಲಗಾಲು ಹಿಮ್ಮಡಿಯೂರಿ, ಮುಂಗಾಲು ಒಂದಿಷ್ಟು ಎತ್ತಿಕೊಂಡು ತಯಾರಾಗಿ ನಿಂತಿತ್ತು. ಬಾಯಿ ಮಾತ್ರ ಹವೆಯ ಬಗ್ಗೆ ಮಾತಾಡುತ್ತಿತ್ತು.

ರೈಲ್ವೆ ಗೇಟಿನ ಹತ್ತಿರ ಒಂದು ಸೈಕಲ್ ಅಡ್ಡ ಬಂತು. ಅಕ್ಕ ಆಗಲೇ ನೋಡಿ ನಿಧಾನ ಮಾಡಿದ್ದಳು. ಭಾವನ ಕಾಲು ಗಕ್ಕನೆ ಕೆಳಗೆ ಹೋಯಿತು. ಹೂಂ ಎಂದಿತು ಮಿಡತೆ. ಅದು ಕುಪ್ಪಳಿಸಿದ್ದಕ್ಕೆ ಭಾವ ಇನ್ನಷ್ಟು ಹೆದರಿ ಇನ್ನಷ್ಟು ಒತ್ತಿದರು. ಒತ್ತಿದಷ್ಟೂ ಅದು ಕುಪ್ಪಳಿಸಿತು.

"ನೋಡು, ನೋಡು! ಮತ್ತೆ ಶುರುವಾಯ್ತು! ಕಾಲು ಸಡಿಲ ಬಿಡೇ!" ಎಂದು ಅಕ್ಕನಿಗೆ ಕೂಗಿದರು, ತಮ್ಮ ಕಾಲನ್ನು ನೆಲಕ್ಕೆ ಹುಗಿದುಕೊಂಡು.

"ಬಿಟ್ಟೇ ಇದೀನಿ ರೀ!" ಎಂದಳು ಅಕ್ಕ.

ನನಗೆ ನಗು ಉಕ್ಕಿ ಬರುತ್ತಿತ್ತು, ಆದರೆ ನಗುವುದಕ್ಕೂ ಅಲ್ಲಿ ಜಾಗವಿರಲಿಲ್ಲ. "ಭಾವ," ಎಂದೆ, "ಎರಡೂ ಕಾಲು ಸೀಟಿನ ಮೇಲೆ ತಗೊಂಡು ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ."

"ಯಾಕಪ್ಪಾ? ನಾನೇನು ಸಭೆಗೆ ಬಂದಿದೀನಾ?"

"ಕೆಳಗೆ ಒಂದು ವೈರ್ ಮೇಲೆ ಅನುಮಾನ. ತುಳಿದುಬಿಟ್ಟೀರಿ."

ಗೊಣಗುತ್ತಾ ಕಾಲೆತ್ತಿಕೊಂಡು ಕೂತರು. ಮಂಡಿಗಳು ಕಿವಿಯ ತನಕ ಬಂದವು. ಅಕ್ಕ ಊರ ಹೊರಗಿನ ರಸ್ತೆಗೆ ತಿರುಗಿಸಿದಳು. ಒಂದು ಲಾರಿಯನ್ನು ಹಿಂದೆ ಹಾಕಿದಳು. ಭಾವನ ಕಾಲ್ಬೆರಳುಗಳು ಸುರುಟಿಕೊಂಡವು, ಕೈ ಬಾಗಿಲನ್ನು ಗಟ್ಟಿಯಾಗಿ ಹಿಡಿಯಿತು. ಮಿಡತೆ ಮಾತ್ರ ಒಂದೇ ಸ್ವರದಲ್ಲಿ ಹಾಡಿಕೊಂಡು ಹೋಯಿತು. ಇನ್ನೊಂದು ಬಸ್ಸು, ಒಂದು ತಿರುವು, ಒಂದು ಸೇತುವೆ. ಎಲ್ಲೂ ಏರಿಲ್ಲ, ಇಳಿದಿಲ್ಲ.

"ಸರಿಹೋಯ್ತು!" ಎಂದು ಅಕ್ಕ ಕಿರುಚಿದಳು. "ಲೋ, ಏನು ಮಾಡ್ದೆ?"

"ಗಾಡಿ ಪಕ್ಕಕ್ಕೆ ಹಾಕು, ಹೇಳ್ತೀನಿ. ಮೊದಲು ನನ್ನನ್ನ ಹೊರಗೆಳೀರಿ."

ಇಬ್ಬರೂ ಸೇರಿ ಎಳೆದರು. ರಸ್ತೆಯ ಬದಿ ಒಂದು ಮರದ ಕೆಳಗೆ ಗಾಡಿ ನಿಂತಿತ್ತು, ಎಂಜಿನ್ ಓಡುತ್ತಿತ್ತು. ನೆಲದ ಬಟ್ಟೆ ಎತ್ತಿ ಕೆಳಗಿನ ತಗಡನ್ನು ತೋರಿಸಿದೆ. ತಗಡು ನಿಲ್ಲಬೇಕಾದ ರಬ್ಬರಿನ ಕಾಲುಗಳು ಹಳೆಯವಾಗಿ ಪುಡಿಪುಡಿಯಾಗಿದ್ದವು. ಹಾಗಾಗಿ ಮೇಲಿನಿಂದ ಒತ್ತಿದರೆ ತಗಡು ತಗ್ಗಿ ಕಂಪ್ಯೂಟರಿನ ವೈರುಗಳ ಮೇಲೆ ಕೂರುತ್ತಿತ್ತು. ಎಂಜಿನ್ನಿಗೆ ಎಷ್ಟು ಗಾಳಿ ಬರುತ್ತಿದೆ ಎಂಬ ಸುದ್ದಿ ಕಂಪ್ಯೂಟರಿಗೆ ಆ ವೈರುಗಳಿಂದಲೇ ಬರಬೇಕು. ಸುದ್ದಿ ತಪ್ಪಿದರೆ ಎಂಜಿನ್ ಇಳಿಯುತ್ತದೆ, ಸಿಕ್ಕರೆ ಏರುತ್ತದೆ. ಅಂಗೈಯಿಂದ ತಗಡನ್ನು ಒತ್ತಿ ಬಿಟ್ಟೆ. ಹೂಂ, ಹೂಂಹೂಂ. ಹಾರ್ಮೋನಿಯಂ ನುಡಿಸಿದ ಹಾಗಾಯಿತು.

"ಅದನ್ನ ಒತ್ತೋರು ಯಾರು?" ಎಂದರು ಭಾವ.

"ನೀವೇ."

"ನಾನಾ? ನಾನು ಯಾಕೆ ಒತ್ತಲಿ? ನನಗೆ ಅಂಥ ಅಭ್ಯಾಸಾನೇ ಇಲ್ಲ."

ನಾನು ಜೊತೆಗೆ ತಂದಿದ್ದ ಮ್ಯಾಟನ್ನು ಬಿಡಿಸಿ ಅವರ ಕಾಲ ಬುಡದಲ್ಲಿ ಹಾಸಿದೆ. ತೂತು ಅವರ ಪಾದಕ್ಕೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಭಾವ ಅದನ್ನು ನೋಡಿದರು, ತಮ್ಮ ಬಲಗಾಲನ್ನು ನೋಡಿಕೊಂಡರು. ಅಕ್ಕ ಅಷ್ಟು ದಿನ ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದಳಲ್ಲ, ಅದೇ ನೋಟ.

ಅಕ್ಕ ಜಗಳ ತೆಗೆಯುತ್ತಾಳೆ ಎಂದು ನಾನು ಸ್ವಲ್ಪ ಹಿಂದೆ ಸರಿದು ನಿಂತೆ. ತೆಗೆಯಲಿಲ್ಲ.

"ನಿಮ್ಮ ಹತ್ರ ಕಲಿಯೋವಾಗ," ಎಂದಳು, "ನನಗೆ ನೀವು ಒಂದು ಸಲಾನೂ ಬ್ರೇಕ್ ಒತ್ತಲಿಲ್ಲ. ಬೇರೆಯವರಿಗೆಲ್ಲ ಒತ್ತೋರು. ನಾನು ಆ ಹಾಲಿನ ವ್ಯಾನಿಗೆ ಇನ್ನೇನು ಗುದ್ದಬೇಕು, ಆಗಲೂ ಕೈಕಟ್ಟಿ ಕೂತಿದ್ರಿ. ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟ ಮನುಷ್ಯ ಇನ್ನೊಬ್ಬ ಸಿಗಲ್ಲ ಅಂತಾನೇ ಮದುವೆ ಆದೆ. ಆ ನಂಬಿಕೆ ಎಲ್ಲಿ ಹೋಯ್ತು ರೀ?"

ಒಂದು ಲಾರಿ ಹಾದುಹೋಯಿತು. ಅದೇ, ನಾವು ಹಿಂದೆ ಹಾಕಿದ್ದು.

"ಆಗ ನೀನು ಯಾರೋ ಆಗಿದ್ದೆ," ಎಂದರು ಭಾವ. "ಏನಾದ್ರೂ ಆಗಿದ್ರೆ ಸ್ಕೂಲಿಗೆ ಕೆಟ್ಟ ಹೆಸರು, ಅಷ್ಟೇ. ಈಗ ನಿನಗೇನಾದ್ರೂ ಆದ್ರೆ ನನಗೆ ಯಾರಿದಾರೆ?" ಆಮೇಲೆ ಮ್ಯಾಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಹೇಳಿದರು: "ನಿನ್ನ ಕಾಲು ನಡುಗ್ತಿಲ್ಲ ಕಣೇ. ನಡುಗ್ತಿದ್ದದ್ದು ನನ್ನದು."

ನಾನು ಗಾಡಿಯ ಆ ಕಡೆ ಹೋಗಿ ಟೈರಿನ ಗಾಳಿ ನೋಡಿದೆ. ಗಾಳಿ ಸರಿಯಾಗಿದೆ ಎಂದು ನನಗೆ ಗೊತ್ತಿತ್ತು. ಕಣ್ಣು ಒರೆಸಿಕೊಳ್ಳುವುದಕ್ಕೆ ಅಲ್ಲಿ ಜಾಗ ಚೆನ್ನಾಗಿತ್ತು. ತಿರುಗಿ ಬಂದಾಗ ಅಕ್ಕ ನಗುತ್ತಿದ್ದಳು. ಭಾವನ ಕಾಲರ್ ಸರಿಮಾಡುತ್ತಾ, "ಹಲ್ಲಿನ ಡಾಕ್ಟರಿಗೆ ನೀವೇ ಫೋನ್ ಮಾಡಿ ಹೇಳ್ಬೇಕು" ಎನ್ನುತ್ತಿದ್ದಳು.

ಅವತ್ತು ಮಧ್ಯಾಹ್ನ ತಗಡಿಗೆ ಹೊಸ ರಬ್ಬರ್ ಹಾಕಿದೆ, ವೈರುಗಳನ್ನು ಭದ್ರ ಮಾಡಿದೆ. ಅಲ್ಲಿಗೆ ಕೆಲಸ ಮುಗಿಯಿತು. ಆದರೂ ಮನಸ್ಸು ತಡೆಯಲಿಲ್ಲ. ಮಾಡಬೇಡಿ ಎಂದು ಹೇಳಿದರೆ ಬಿಡುವ ಕಾಲೇ ಅದು? ಗುಜರಿ ಗುಡ್ಡ ಕೆದಕಿದೆ. ನನ್ನ ಹೆಂಡತಿ ಬಂದು ನೋಡಿ, ನಾನು ಮಾಡುತ್ತಿರುವುದೇನೆಂದು ತಿಳಿದ ಮೇಲೆ, ಹೊಲಿಯುತ್ತಿದ್ದ ಮ್ಯಾಟಿನ ತೂತನ್ನು ಮುಚ್ಚುವ ಬದಲು ಅದರ ಸುತ್ತ ಅಂದವಾಗಿ ಅಂಚು ಕಟ್ಟಿಕೊಟ್ಟಳು.

ಭಾನುವಾರ ಬೆಳಿಗ್ಗೆ ಭಾವ ಪಕ್ಕದ ಸೀಟಿಗೆ ಇಳಿದು, ಕಾಲು ಚಾಚಿ, ಬಗ್ಗಿ ಕೆಳಗೆ ನೋಡಿದರು. ಮ್ಯಾಟಿನ ತೂತಿನಿಂದ ಒಂದು ಬ್ರೇಕ್ ಪೆಡಲ್ ಮೇಲೆದ್ದಿತ್ತು. ಯಾವುದೋ ಹಳೆಯ ವ್ಯಾನಿನದು. ಗಟ್ಟಿ ಸ್ಪ್ರಿಂಗ್, ಮೇಲೆ ಹೊಸ ರಬ್ಬರ್. ಅದನ್ನು ಮರದ ಹಲಗೆಗೆ ಕೂರಿಸಿದ್ದೆ. ಅದರಿಂದ ಯಾವ ಚಕ್ರಕ್ಕೂ ಏನೂ ಹೋಗಿರಲಿಲ್ಲ.

ಭಾವ ಮೆಲ್ಲಗೆ ಒತ್ತಿ ನೋಡಿದರು. ಪೆಡಲ್ ಒಳಗೆ ಹೋಗಿ ವಾಪಸ್ ಬಂತು. ಮಿಡತೆ ಒಂದೇ ಸಮ ಗುನುಗುತ್ತಿತ್ತು.

"ಇದು ಕೆಲಸ ಮಾಡುತ್ತೇನಪ್ಪಾ?" ಎಂದು ನನ್ನನ್ನು ಓರೆಗಣ್ಣಿನಿಂದ ನೋಡಿದರು.

"ಬಹಳ ಚೆನ್ನಾಗಿ ಮಾಡುತ್ತೆ ಭಾವ. ಎಷ್ಟು ಬೇಕಾದ್ರೂ ಒತ್ತಿ."

ಅವರಿಗೆ ಅರ್ಥವಾಯಿತು. ಅರ್ಥವಾಗಿದೆ ಎಂದು ತೋರಿಸಿಕೊಳ್ಳಲಿಲ್ಲ. ಸೀಟನ್ನು ಅರ್ಧ ಇಂಚು ಹಿಂದೆ ಸರಿಸಿ, ಮೇಷ್ಟ್ರ ಗತ್ತಿನಲ್ಲಿ "ಕನ್ನಡಿ ನೋಡು, ಹೊರಡು" ಎಂದರು. ಅಕ್ಕ ದೀಪದ ಗುಂಡಿ ಒತ್ತಿದಳು. ಮಿಡತೆ ಎರಡೂ ಕಣ್ಣು ಎತ್ತಿ ನಮಗೆ ಟಾಟಾ ಹೇಳಿ ರಸ್ತೆಗಿಳಿಯಿತು.

ಮಧ್ಯಾಹ್ನ ಅಕ್ಕನ ಫೋನ್ ಬಂತು. ಹಿಂದೆ ಮಗಳ ಧ್ವನಿ, ಪಾತ್ರೆಗಳ ಸದ್ದು.

"ಮುಟ್ಟಿದ್ರಾ? ಗಾಡಿ ಹೇಗಿತ್ತು?" ಎಂದೆ. "ಭಾವ ಎಷ್ಟು ಒತ್ತಿದ್ರು?"

"ಮೊದಲ ತಿರುವಲ್ಲಿ ಒತ್ತಿದ್ರು. ಎರಡನೇದರಲ್ಲಿ ಒತ್ತಿದ್ರು. ಅರ್ಧ ಬೆಟ್ಟ ಹತ್ತೋಷ್ಟರಲ್ಲಿ ಮತ್ತೆ ಆ ಸದ್ದು ಬಂತು ಕಣೋ. ಹೂಂ, ಹೂಂಹೂಂ ಅಂತ. ನಿನಗೆ ಬೈಯೋಣ ಅಂತ ಎಂಜಿನ್ ರೇಸ್ ತೋರಿಸೋ ಮುಳ್ಳು ನೋಡಿದ್ರೆ, ಅದು ಅಲ್ಲಾಡದೆ ನಿಂತಿದೆ."

"ಮತ್ತೆ?"

"ಎಂಜಿನ್ ಅಲ್ಲ. ನಿಮ್ಮ ಭಾವ. ಬಾಯಿ ತೆರಕೊಂಡು ಗೊರಕೆ ಹೊಡೀತಿದ್ರು."

ನಾನು ಹೆಂಡತಿಗೂ ಕೇಳಲಿ ಎಂದು ಫೋನನ್ನು ಅವಳ ಕಡೆ ಹಿಡಿದೆ. ಬೇರೆಯವರು ಓಡಿಸುವಾಗ ಭಾವ ಕಣ್ಣು ಮುಚ್ಚಿದ್ದನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ.

"ಕಾಲು?" ಎಂದಳು ನನ್ನ ಹೆಂಡತಿ.

"ಪೆಡಲ್ ಮೇಲೇ ಇತ್ತು. ಸುಮ್ನೆ ಇತ್ತು," ಎಂದಳು ಅಕ್ಕ. "ಎಬ್ಬಿಸಲಿಲ್ಲ ನಾನು. ಮಗಳ ಮನೆ ಬಾಗಿಲ ತನಕ ಹಾಗೇ ಮೆತ್ತಗೆ ಓಡಿಸ್ಕೊಂಡು ಬಂದೆ."